ಕೆರೆದು ತಂದ ಹಳೆತನ

ಹೊಸ ಕಪಾಟಿಗೆ ಬಣ್ಣ ಬಳಿಸಲು ಒಂದು ಕೂಲಿ, ಬಳಿದ ಬಣ್ಣವನ್ನು ಅಲ್ಲಲ್ಲಿ ಕೆರೆಸಲು ಇನ್ನೊಂದು ಕೂಲಿ. ಮುಂಬಯಿ, ಪುಣೆ, ದೆಹಲಿಗಳ ಫ್ಲ್ಯಾಟುಗಳಲ್ಲಿ ಅಡುಗೆಮನೆಯನ್ನು ಸಿಂಗರಿಸುವ ಹೊಸ ಪರಿಗಳಲ್ಲಿ ಇದೂ ಒಂದು. ಒಳಾಂಗಣ ವಿನ್ಯಾಸಕರು ಇದನ್ನು ‘ಡಿಸ್ಟ್ರೆಸ್ಡ್ ಫಿನಿಷ್’ ಎನ್ನುತ್ತಾರೆ, ‘ರಸ್ಟಿಕ್’ ಎನ್ನುತ್ತಾರೆ. ನಮ್ಮವರ ಬಾಯಿಗೆ ಬರುವಷ್ಟರಲ್ಲಿ ಅದು ‘ಹಳ್ಳಿಮನೆ ಲುಕ್’ ಆಗಿಬಿಟ್ಟಿದೆ. ಊರು ಬಿಟ್ಟು ಬಂದ ನಮಗೆ ಹಳ್ಳಿ ಎಂಬ ಮಾತಿನ ಮೇಲಿರುವ ಮೋಹವನ್ನು ವಿನ್ಯಾಸಕರು ಚೆನ್ನಾಗಿ ಬಲ್ಲರು. ಆ ಮೋಹವನ್ನು ನಾವು ಹೀಗಳೆಯುವುದಿಲ್ಲ; ಅದು ನಮಗೂ ಇದೆ. ಆದರೆ ಅದರ ಹೆಸರಿನಲ್ಲಿ ನಮ್ಮ ಅಡುಗೆಮನೆಗೆ ಬಂದು ಕೂರುತ್ತಿರುವ ವಸ್ತುವಿಗೆ ಹಳ್ಳಿಯ ಸಂಬಂಧವೂ ಇಲ್ಲ, ವಯಸ್ಸಿನ ಸಂಬಂಧವೂ ಇಲ್ಲ. ಅಡುಗೆಗೆ ಅದು ತಕ್ಕದ್ದಲ್ಲ. ಕೆಲವು ಮನೆಗಳಲ್ಲಿ ಮಕ್ಕಳ ಆರೋಗ್ಯಕ್ಕೆ ಕೇಡು ಕೂಡ. ಈ ಮಾತನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಮೊದಲು ಕೆಲಸದ ಕ್ರಮವನ್ನು ನೋಡೋಣ. ಏಕೆಂದರೆ ಈ ಶೈಲಿಯ ಸುಳ್ಳೆಲ್ಲ ಆ ಕ್ರಮದಲ್ಲಿಯೇ ಅಡಗಿದೆ. ಕಪಾಟಿನ ಬಾಗಿಲಿಗೆ ಮೊದಲು ಒಂದು ಗಾಢ ಬಣ್ಣ, ಸಾಮಾನ್ಯವಾಗಿ ಕಂದು ಅಥವಾ ಕಡು ನೀಲಿ. ಅದು ಒಣಗಿದ ಮೇಲೆ ಅಂಚುಗಳಿಗೆ, ಮೂಲೆಗಳಿಗೆ, ಹಿಡಿಕೆಯ ಸುತ್ತಮುತ್ತ ಮೇಣದ ಬತ್ತಿಯನ್ನು ಉಜ್ಜುತ್ತಾರೆ. ಅದರ ಮೇಲೆ ಕೆನೆ ಬಣ್ಣವನ್ನೋ ತಿಳಿ ಹಸಿರನ್ನೋ ಬಳಿಯುತ್ತಾರೆ. ಮೇಣ ತಾಕಿದ ಜಾಗದಲ್ಲಿ ಮೇಲಿನ ಬಣ್ಣ ಗಟ್ಟಿಯಾಗಿ ಹಿಡಿಯದ ಕಾರಣ, ಸ್ಯಾಂಡ್‌ಪೇಪರಿನಿಂದ ನಾಲ್ಕು ಸಲ ಉಜ್ಜಿದರೆ ಅದು ಎದ್ದುಬಂದು ಕೆಳಗಿನ ಗಾಢ ಬಣ್ಣ ಇಣುಕುತ್ತದೆ. ಬಿರುಕು ಬೇಕೆನ್ನುವವರಿಗೆ ಎರಡು ಬಣ್ಣಗಳ ನಡುವೆ ಅಂಟಿನ ಒಂದು ಲೇಪ. ಅಂಟು ಒಣಗುತ್ತ ಸೆಳೆದಂತೆ ಮೇಲಿನ ಬಣ್ಣ ಬೇಸಿಗೆಯ ಕೆರೆಯಂಗಳದಂತೆ ಒಡೆಯುತ್ತದೆ. ಇನ್ನೂ ಮುಂದುವರಿದವರು ಮರವನ್ನು ಸರಪಳಿಯಿಂದ ಹೊಡೆಯುತ್ತಾರೆ, ಮೊಳೆಯ ತುದಿಯಿಂದ ಗೆದ್ದಲೋ ಹುಳವೋ ಕೊರೆದಂತೆ ತೂತು ಮಾಡುತ್ತಾರೆ. ಕಡೆಗೆ ಸಂದುಗೊಂದುಗಳಿಗೆ ಕಪ್ಪು ಮೇಣವನ್ನು ತುಂಬುತ್ತಾರೆ. ಅದು ಐವತ್ತು ವರ್ಷಗಳ ಕೊಳೆಯ ಪಾತ್ರ ವಹಿಸುತ್ತದೆ. ಎಷ್ಟು ಮಕ್ಕಳು ಆ ಹಿಡಿಕೆಯನ್ನು ಎಳೆದರು, ಎಷ್ಟು ಸೊಸೆಯಂದಿರ ಬಳೆ ಆ ಅಂಚಿಗೆ ತಾಕಿತು ಎಂಬುದನ್ನೆಲ್ಲ ಒಬ್ಬ ಪೇಂಟರ್ ಎರಡು ಮಧ್ಯಾಹ್ನಗಳಲ್ಲಿ ಊಹಿಸಿ ಬರೆದು ಮುಗಿಸಬೇಕು.

ಈ ಕೆಲಸಕ್ಕೆ ಇಂಗ್ಲಿಷರು ಆರಿಸಿಕೊಂಡ ಪದವಾದರೂ ಎಂಥದು! ‘ಡಿಸ್ಟ್ರೆಸ್’ ಎಂದರೆ ಸಂಕಟ, ದುರವಸ್ಥೆ. ಅವರ ಕಾನೂನಿನಲ್ಲಿ ಆ ಪದಕ್ಕೆ ಇನ್ನೊಂದು ಅರ್ಥವೂ ಇತ್ತು: ಬಾಡಿಗೆ ಬಾಕಿ ಉಳಿಸಿಕೊಂಡವನ ಮನೆಗೆ ನುಗ್ಗಿ ಅವನ ಸಾಮಾನುಗಳನ್ನು ಜಪ್ತಿ ಮಾಡುವ ಮಾಲೀಕನ ಹಕ್ಕು. ಇಂಗ್ಲೆಂಡಿನಲ್ಲಿ ಈ ಹಳೆಯ ಹಕ್ಕು 2014ರಲ್ಲಷ್ಟೇ ರದ್ದಾಯಿತು. ನಮ್ಮ ದೇಶಕ್ಕೂ ಅವರು ಅದನ್ನು ತಂದಿದ್ದರು. ಕಲ್ಕತ್ತ, ಮದ್ರಾಸು, ಬೊಂಬಾಯಿಗಳಿಗಾಗಿ ಮಾಡಿದ 1882ರ ಪ್ರೆಸಿಡೆನ್ಸಿ ಸ್ಮಾಲ್ ಕಾಸ್ ಕೋರ್ಟುಗಳ ಕಾಯಿದೆಯಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ. ಚಾಳಿನ ಕೋಣೆಯಿಂದ ಕಪಾಟು ಪೆಟ್ಟಿಗೆಗಳನ್ನು ಬೀದಿಗೆ ಎಳೆಸಿದ ಪದವೇ ಇಂದು ಅದೇ ಊರಿನ ಹದಿನೆಂಟನೆಯ ಮಹಡಿಯಲ್ಲಿ ಕಪಾಟಿನ ಅಲಂಕಾರವಾಗಿದೆ. ಪದಗಳ ಚರಿತ್ರೆ ಓದಿದವರಿಗೆ ಇಂಥದ್ದು ಕಣ್ಣಿಗೆ ಬೀಳದೆ ಇರುವುದಿಲ್ಲ.

ಶೈಲಿಯ ಹುಟ್ಟೂ ದೂರದ್ದೇ. ಇಂಗ್ಲೆಂಡಿನಿಂದ ಕ್ಯಾಲಿಫೋರ್ನಿಯಕ್ಕೆ ಹೋಗಿ ನೆಲೆಸಿದ ರೇಚಲ್ ಆಶ್ವೆಲ್ 1989ರಲ್ಲಿ ಸಾಂಟಾ ಮೋನಿಕಾದಲ್ಲಿ ‘ಶ್ಯಾಬಿ ಷಿಕ್’ ಎಂಬ ಅಂಗಡಿ ತೆರೆದರು. ಹೆಸರಿನ ಅರ್ಥವನ್ನು ‘ಮಾಸಲು ಬೆಡಗು’ ಎಂದು ಹೇಳಬಹುದು. ಮರುವರ್ಷ ಇಂಗ್ಲೆಂಡಿನ ಆನಿ ಸ್ಲೋನ್ ‘ಚಾಕ್ ಪೇಂಟ್’ ಎಂಬ ಬಣ್ಣವನ್ನು ಮಾರುಕಟ್ಟೆಗೆ ತಂದರು. ಮೊದಲೇ ಉಜ್ಜಬೇಕಾಗಿಲ್ಲ, ಪ್ರೈಮರ್ ಬೇಕಾಗಿಲ್ಲ, ಸುಣ್ಣದಂತೆ ಹೊಳಪಿಲ್ಲದೆ ಕೂರುತ್ತದೆ, ಒಣಗಿದ ಮೇಲೆ ಸುಲಭವಾಗಿ ಕೆರೆಯಲು ಬರುತ್ತದೆ. ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕ ಹಳೆಯ ಮೇಜನ್ನೋ ಅಜ್ಜಿಯ ಕಪಾಟನ್ನೋ ಎಸೆಯದೆ ಬಳಸುವುದು ಆಗಿನ ಉತ್ಸಾಹದ ಒಂದು ಭಾಗವಾಗಿತ್ತು ಎಂಬುದನ್ನು ನಾವು ಒಪ್ಪುತ್ತೇವೆ. ಹಳೆಯ ವಸ್ತು ಸಾಲದೆ ಹೋದಾಗ ಹೊಸದನ್ನೇ ಹಳತು ಮಾಡಿ ಮಾರುವ ವ್ಯಾಪಾರ ಬೆಳೆಯಿತು. ಇಂದು ಜೋಧಪುರದ ಕಾರ್ಖಾನೆಗಳಲ್ಲಿ ಇಂಥ ಸವೆದ ಮುಖದ ಪೀಠೋಪಕರಣಗಳು ತಯಾರಾಗಿ ಯುರೋಪು ಅಮೆರಿಕಗಳಿಗೆ ಹಡಗು ಹತ್ತುತ್ತವೆ.

ಈಗ ಮುಖ್ಯ ಪ್ರಶ್ನೆ: ಈ ಶೈಲಿ ಅನುಕರಿಸುತ್ತಿರುವುದು ಏನನ್ನು? ಒಂದು ಬಣ್ಣದ ಕೆಳಗೆ ಇನ್ನೊಂದು ಬಣ್ಣ ಇಣುಕುವುದು ಇದರ ಪ್ರಧಾನ ಲಕ್ಷಣ. ನಿಜವಾದ ಹಳೆಯ ಕಪಾಟಿನಲ್ಲಿ ಹಾಗೇಕೆ ಕಾಣುತ್ತದೆ? ಅದರ ಒಡತಿ ಕೆಲವು ವರ್ಷಗಳಿಗೊಮ್ಮೆ ಅದಕ್ಕೆ ಬಣ್ಣ ಹೊಡೆಸಿದ್ದರಿಂದ. ಅಂಚು ಸವೆದಾಗ, ಮೂಲೆ ಕಿತ್ತಾಗ ಅವಳಿಗೆ ಅದು ನೋಡಲಾಗಲಿಲ್ಲ. ಹಬ್ಬಕ್ಕೋ ಮದುವೆಗೋ ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ಒಂದು ಡಬ್ಬಿ ಬಣ್ಣ ತಂದು ಮುಚ್ಚಿದಳು. ಅವಳ ಸೊಸೆಯೂ ಹಾಗೆಯೇ ಮಾಡಿದಳು. ಆ ಪದರಗಳೆಲ್ಲ ಸವೆತವನ್ನು ಮರೆಮಾಡಲು, ಬಡತನ ಹೊರಗೆ ಕಾಣದಂತೆ ಮಾಡಲು ಮನೆಯವರು ಪಟ್ಟ ಪಾಡು. ಇಂಗ್ಲೆಂಡಿನ ರೈತನ ಮನೆಯಲ್ಲೂ ಹಾಗೆಯೇ, ಹಾವೇರಿಯ ಒಕ್ಕಲಿನ ಮನೆಯಲ್ಲೂ ಹಾಗೆಯೇ. ಅವರು ಮುಚ್ಚಿಟ್ಟದ್ದನ್ನೇ ನಾವು ಕೆರೆದು ತೋರಿಸಿ ಅದಕ್ಕೆ ಸೊಬಗು ಎಂದು ಹೆಸರಿಡುತ್ತೇವೆ. ಅವರನ್ನು ಗೌರವಿಸುತ್ತಿದ್ದೇವೆ ಎಂದೂ ಭಾವಿಸುತ್ತೇವೆ.

ನಮ್ಮ ಊರುಗಳ ಅಡುಗೆಮನೆಗಳನ್ನೇ ನೆನೆಯಿರಿ. ಯುಗಾದಿಗೆ ಗೋಡೆಗೆ ಸುಣ್ಣ, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ. ಬೀಸುವ ಕಲ್ಲು ಬಳಸಿ ಬಳಸಿ ನುಣುಪಾದರೆ ಅದನ್ನು ಚೆಂದವೆಂದು ಬಿಡುತ್ತಿರಲಿಲ್ಲ. ಕಲ್ಲುಕುಟಿಗ ಬೀದಿಯಲ್ಲಿ ಕೂಗಿಕೊಂಡು ಬಂದಾಗ ಕರೆದು, ಉಳಿಯಿಂದ ಕೊರೆಸಿ, ಮತ್ತೆ ಒರಟು ಮಾಡಿಸಿಕೊಳ್ಳುತ್ತಿದ್ದರು. ತಾಮ್ರದ ಹಿತ್ತಾಳೆಯ ಪಾತ್ರೆಗಳಿಗೆ ಕಲಾಯಿ ಹಾಕಿಸುತ್ತಿದ್ದರು. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ ಕುದಿಸಿದರೆ ಕಿಲುಬಿನ ವಿಷ ಎಂಬುದು ಎಲ್ಲರಿಗೂ ಗೊತ್ತಿತ್ತು. ಮೊಂಡಾದ ಈಳಿಗೆಗೆ ಸಾಣೆ. ಸವೆತದ ವಿರುದ್ಧ ಆ ಅಡುಗೆಮನೆ ವರ್ಷವಿಡೀ ನಡೆಸಿದ ಕಾದಾಟವೇ ಅದರ ಶಿಸ್ತು. ಅಲ್ಲಿ ಉಳಿದ ಸವೆತ, ಉದಾಹರಣೆಗೆ ಒರಳಿನ ಬಾಯಿಯ ಇಳಿಜಾರು ಅಥವಾ ಹೊಸ್ತಿಲಿನ ನಡುವಿನ ತಗ್ಗು, ಯಾರೂ ಬೇಕೆಂದು ಮಾಡಿದ್ದಲ್ಲ, ತಡೆಯಲಾಗದೆ ಉಳಿದದ್ದು.

ಇನ್ನೊಂದು ಮಾತು. ಆ ಅಡುಗೆಮನೆಯಲ್ಲಿ ಕೆನೆಬಣ್ಣದ ಕಪಾಟು ಎಲ್ಲಿತ್ತು? ಗೋಡೆಯಲ್ಲಿ ಗೂಡು, ಮೇಲೆ ನಾಗಂದಿಗೆ, ತೊಲೆಯಿಂದ ಇಳಿಬಿದ್ದ ನೆಲವು, ಅನುಕೂಲಸ್ಥರ ಮನೆಯಲ್ಲಿ ಹಾಲು ಮೊಸರಿಗೆ ಜಾಲರಿಯ ಬೀರು. ಎಲ್ಲವೂ ಸೌದೆಯ ಹೊಗೆಗೆ ಕಪ್ಪಿಟ್ಟು, ಎಣ್ಣೆ ಜಿಡ್ಡು ಹಿಡಿದು ಹೊಳೆಯುತ್ತಿದ್ದವು. ಆ ಹೊಗೆಯನ್ನು ನುಂಗಿದ ಹೆಂಗಸರ ಕಣ್ಣು ಶ್ವಾಸಕೋಶಗಳ ವಿಚಾರ ಬೇರೆಯೇ ಇದೆ. ‘ಹಳ್ಳಿಮನೆ ಲುಕ್’ ಎಂದು ನಮಗೆ ಮಾರುತ್ತಿರುವುದು ಇಂಗ್ಲೆಂಡ್, ಫ್ರಾನ್ಸುಗಳ ಹಳ್ಳಿಯ ಅಡುಗೆಮನೆಯನ್ನು. ಅದನ್ನು ಅದೇ ಹೆಸರಿನಿಂದ ಮಾರಿದ್ದರೆ ನಮ್ಮ ಜಗಳ ಅರ್ಧಕ್ಕೆ ಇಳಿಯುತ್ತಿತ್ತು. ಹುಬ್ಬಳ್ಳಿಯ ಅಜ್ಜಿಯ ಹೆಸರಿನಲ್ಲಿ ಸಸೆಕ್ಸಿನ ಅಜ್ಜಿಯ ಕಪಾಟನ್ನು ಕೊಳ್ಳುವುದು, ಅದೂ ಹುಬ್ಬಳ್ಳಿಯ ಅಜ್ಜಿ ಕೊಟ್ಟ ಸಾಗುವಾನಿಯ ಪೆಟ್ಟಿಗೆಯನ್ನು ಮುಂಬಯಿಯ ಭಂಗಾರ್‌ವಾಲಾನಿಗೋ ದೆಹಲಿಯ ಕಬಾಡಿಯವನಿಗೋ ತೂಕಕ್ಕೆ ಹಾಕಿದ ಮರುತಿಂಗಳೇ ಕೊಳ್ಳುವುದು, ಯಾವ ಬಗೆಯ ಊರ ನೆನಪು ಎಂದು ಕೇಳಬೇಕಾಗುತ್ತದೆ.

ಇಂಗ್ಲೆಂಡಿನಲ್ಲಿಯೂ ಈ ಕುರಿತು ಯೋಚಿಸಿದವರಿದ್ದರು. ಜಾನ್ ರಸ್ಕಿನ್ 1849ರಲ್ಲಿ ವಾಸ್ತುಶಿಲ್ಪದ ಏಳು ದೀಪಗಳನ್ನು ಕುರಿತು ಬರೆದಾಗ ಅವುಗಳಲ್ಲಿ ಒಂದನ್ನು ಸತ್ಯಕ್ಕೆ ಮೀಸಲಿಟ್ಟ. ಒಂದು ವಸ್ತುವಿನ ಮೇಲೆ ಬಣ್ಣ ಬಳಿದು ಅದನ್ನು ಬೇರೊಂದು ವಸ್ತುವೆಂದು ನಂಬಿಸುವುದನ್ನು ಅವನು ವಂಚನೆಗಳ ಸಾಲಿಗೆ ಸೇರಿಸಿದ. ಅದೇ ಪುಸ್ತಕದ ನೆನಪಿನ ದೀಪದಲ್ಲಿ, ಕಾಲ ಕಟ್ಟಡದ ಮೇಲೆ ಬಿಡುವ ಗುರುತಿಗೆ ಅವನು ಬಹಳ ಬೆಲೆ ಕೊಟ್ಟ. ಎರಡೂ ಮಾತು ಒಬ್ಬನದೇ ಎಂಬುದು ಮುಖ್ಯ. 1877ರಲ್ಲಿ ವಿಲಿಯಂ ಮಾರಿಸ್ ಮತ್ತು ಅವನ ಗೆಳೆಯರು ಪ್ರಾಚೀನ ಕಟ್ಟಡಗಳ ರಕ್ಷಣೆಗೆ ಒಂದು ಸಂಘ ಕಟ್ಟಿದರು. ಹಳೆಯ ಚರ್ಚುಗಳ ಗೋಡೆಗಳನ್ನು ಹೆರೆದು ಹೊಸದಾಗಿಸುವುದನ್ನು ಅವರು ವಿರೋಧಿಸಿದ್ದರಿಂದ ಅದಕ್ಕೆ ‘ಆಂಟಿ ಸ್ಕ್ರೇಪ್’, ಅಂದರೆ ಕೆರೆತ ವಿರೋಧಿಗಳ ಸಂಘ ಎಂಬ ಅಡ್ಡಹೆಸರು ಬಿತ್ತು. ಹಳತನ್ನು ಕೆರೆದು ಹೊಸದು ಮಾಡುವವರ ಮೇಲೆಯೇ ಅಷ್ಟು ಸಿಟ್ಟಾಗಿದ್ದ ಮಾರಿಸ್ ಹೊಸದನ್ನು ಕೆರೆದು ಹಳತು ಮಾಡುವವರನ್ನು ಕಂಡಿದ್ದರೆ ಏನನ್ನುತ್ತಿದ್ದನೋ!

ಈ ಶೈಲಿಯ ಪರ ವಹಿಸುವವರು ಜಪಾನಿನ ‘ವಾಬಿ ಸಾಬಿ’ಯನ್ನು ಅಡ್ಡ ತರುತ್ತಾರೆ. ಒರಟು, ಅಪೂರ್ಣ, ಮಾಸಿದ ವಸ್ತುವಿನಲ್ಲಿ ಚೆಲುವನ್ನು ಕಾಣುವ ಆ ದೃಷ್ಟಿ ದೊಡ್ಡದು. 16ನೆಯ ಶತಮಾನದ ಚಹಾಗುರು ಸೆನ್ ನೋ ರಿಕ್ಯೂನ ಹೆಸರಿನೊಂದಿಗೆ ಬೆಸೆದುಕೊಂಡದ್ದು. ಆದರೆ ಅಲ್ಲಿ ಬಟ್ಟಲು ಮಾಸುವುದು ಅದರಲ್ಲಿ ಚಹಾ ಕುಡಿದು ಕುಡಿದು. ಒಡೆದ ಬಟ್ಟಲನ್ನು ಅರಗಿನಿಂದ ಜೋಡಿಸಿ ಗೆರೆಗೆ ಚಿನ್ನದ ಪುಡಿ ಹಚ್ಚುವುದು ಅದು ನಿಜವಾಗಿ ಒಡೆದಾಗ. ಬಟ್ಟಲನ್ನು ಕೊಂಡು ತಂದ ದಿನವೇ ನೆಲಕ್ಕೆ ಕುಕ್ಕಿ ಚಿನ್ನ ಹಚ್ಚುವುದನ್ನು ಆ ದೃಷ್ಟಿಯ ಹೆಸರಿನಲ್ಲಿ ಸಮರ್ಥಿಸುವುದು ಕಷ್ಟ.

ಮಕ್ಕಳಿರುವ ಮನೆಯಲ್ಲಿ ಗೀರು ಕಾಣುವುದಿಲ್ಲ, ನಿರಾತಂಕವಾಗಿರಬಹುದು ಎಂಬುದು ಇನ್ನೊಂದು ವಾದ. ಇದರಲ್ಲಿ ಹುರುಳಿದೆ. ಹೊಳೆಯುವ ಬಿಳಿಯ ಕಪಾಟನ್ನು ಕಾಯುವುದು ಹಿಂಸೆಯೇ. ಆದರೆ ಮಕ್ಕಳು ತಾವೇ ಗೀರುತ್ತಾರಲ್ಲ! ಅವರ ಕೆಲಸವನ್ನು ಮುಂಚಿತವಾಗಿ ಪೇಂಟರನಿಂದ ಮಾಡಿಸುವ ಅಗತ್ಯವೇನಿದೆ?

ರುಚಿಯ ಜಗಳವನ್ನು ಇಲ್ಲಿಗೆ ಬಿಡೋಣ. ಇಷ್ಟೇ ಆಗಿದ್ದರೆ ಪರರ ಮನೆಯ ಕಪಾಟಿನ ಬಗ್ಗೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಕೆರೆತದಿಂದ ಏಳುವ ಧೂಳೇ ನಮ್ಮನ್ನು ನಿಜವಾಗಿ ಕಾಡುವ ವಿಷಯ. ಹೊಸ ಕಪಾಟು ಕೊಳ್ಳಲಾರದವರು, ಅಥವಾ ಪರಿಸರದ ಕಾಳಜಿಯಿಂದ ಕೊಳ್ಳಬಾರದೆಂದುಕೊಂಡವರು, ಮನೆಯಲ್ಲಿರುವ ಹಳೆಯ ಬಣ್ಣದ ಕಪಾಟನ್ನೇ ಎಳೆದು, ರಜೆಯ ದಿನ ಮಕ್ಕಳನ್ನೂ ಕೂಡಿಸಿಕೊಂಡು, ಸ್ಯಾಂಡ್‌ಪೇಪರ್ ಹಿಡಿದು ಕೂರುತ್ತಾರೆ. ಮೊಬೈಲಿನ ವಿಡಿಯೊಗಳು ಇದನ್ನು ಕುಟುಂಬದ ಹಬ್ಬದಂತೆ ತೋರಿಸುತ್ತವೆ. ಹಳೆಯ ಎನಾಮೆಲ್ ಬಣ್ಣಗಳಲ್ಲಿ ಸೀಸವಿರುತ್ತಿತ್ತು. ಬಣ್ಣ ಗಾಢವಾಗಿ ಬರಲೆಂದು, ಬೇಗ ಒಣಗಲೆಂದು ಸೀಸದ ಸಂಯುಕ್ತಗಳನ್ನು ಬೆರೆಸುತ್ತಿದ್ದರು. ಹಳದಿ, ಕಿತ್ತಳೆಯಂಥ ಉಜ್ವಲ ಬಣ್ಣಗಳಲ್ಲಿ ಅದು ಹೆಚ್ಚು. ಅಮೆರಿಕ ಮನೆಬಳಕೆಯ ಬಣ್ಣಗಳಲ್ಲಿ ಇದನ್ನು 1978ರಲ್ಲಿ ನಿಷೇಧಿಸಿತು. ನಮ್ಮಲ್ಲಿ ಗೃಹೋಪಯೋಗಿ ಬಣ್ಣಗಳ ಸೀಸವನ್ನು ದಶಲಕ್ಷಕ್ಕೆ 90 ಭಾಗಗಳ ಮಿತಿಗೆ ತಂದ ನಿಯಮ ಹೊರಟದ್ದು 2016ರಲ್ಲಿ. ಅದಕ್ಕೂ ಹಿಂದಿನ ಬಣ್ಣ ಹೊತ್ತ ಕಪಾಟು, ಕಿಟಕಿ, ತೊಟ್ಟಿಲು ನಮ್ಮ ಅನೇಕರ ಮನೆಯಲ್ಲಿ ಇಂದಿಗೂ ಇವೆ.

ಬಣ್ಣ ಗೋಡೆಗೋ ಮರಕ್ಕೋ ಗಟ್ಟಿಯಾಗಿ ಅಂಟಿಕೊಂಡಿರುವಷ್ಟು ಕಾಲ ಅಪಾಯ ಕಡಿಮೆ. ಉಜ್ಜಿದಾಗ ಅದು ಹಿಟ್ಟಿನಂಥ ಧೂಳಾಗಿ ನೆಲದ ಮೇಲೆ, ಪಾತ್ರೆಗಳ ಮೇಲೆ ಕೂರುತ್ತದೆ. ಅಂಬೆಗಾಲಿಡುವ ಕೂಸು ನೆಲದ ಕೈಯನ್ನು ಬಾಯಿಗಿಡುತ್ತದೆ. ಸೀಸ ಎಳೆಯ ಮಕ್ಕಳ ಮಿದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ. ಇಷ್ಟರವರೆಗೆ ಸುರಕ್ಷಿತ ಎಂಬ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಸುರಿಯರಿಗೂ ಅದು ಕೇಡು. ಬಾಯಿಗೆ ಕರವಸ್ತ್ರ ಕಟ್ಟಿಕೊಳ್ಳುವುದು ಇದಕ್ಕೆ ಪರಿಹಾರವಲ್ಲ. ಒಣಪೊರಕೆಯಿಂದ ಗುಡಿಸಿದರಂತೂ ಧೂಳು ಇಡೀ ಮನೆಗೆ ಹರಡುತ್ತದೆ.

ಹೊಸ ಕಪಾಟಿನಲ್ಲಿ ಸೀಸದ ಭಯ ಕಡಿಮೆ ಎನ್ನೋಣ. ಅಲ್ಲಿ ಧೂಳು ಕುಡಿಯುವವನು ಬೇರೆ. ಉತ್ತರ ಪ್ರದೇಶದಿಂದಲೋ ಬಿಹಾರದಿಂದಲೋ ರಾಜಸ್ಥಾನದಿಂದಲೋ ಬಂದ ಬಡಗಿ, ಪಾಲಿಶ್ ಕೆಲಸಗಾರ. ನಮ್ಮಂತೆಯೇ ಹೊಟ್ಟೆಪಾಡಿಗಾಗಿ ಊರು ಬಿಟ್ಟವನು. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಎಂದೋ ಸೇರಿಸಿದೆ. ಮರವನ್ನು ಕೊಯ್ಯದೆ ಕಪಾಟು ಆಗದು, ನಿಜ. ಆದರೆ ಕಪಾಟು ಮುಗಿದ ಮೇಲೆ, ಅದನ್ನು ಕೆಡಿಸುವುದಕ್ಕಾಗಿಯೇ ಇನ್ನೊಂದು ದಿನದ ಧೂಳನ್ನು ಅವನ ಎದೆಗೆ ತುಂಬಿಸುವುದಕ್ಕೆ ಯಾವ ಸಮಜಾಯಿಷಿ ಕೊಡುತ್ತೇವೆ? ಮಾಸಲು ಜೀನ್ಸಿನ ಕಥೆ ನಮ್ಮ ಕಣ್ಣೆದುರಿಗಿದೆ. ಹೊಸ ಜೀನ್ಸಿಗೆ ತೊಟ್ಟು ಹಳೆಯದಾದ ರೂಪ ಬರಲೆಂದು ಟರ್ಕಿಯ ಕಾರ್ಖಾನೆಗಳಲ್ಲಿ ಅದರ ಮೇಲೆ ರಭಸದಿಂದ ಮರಳು ಹಾಯಿಸುತ್ತಿದ್ದರು. ಆ ಮರಳಿನ ಧೂಳು ಕುಡಿದ ಎಳೆಯ ವಯಸ್ಸಿನ ಕಾರ್ಮಿಕರು ಸಿಲಿಕೋಸಿಸ್‌ನಿಂದ ಉಸಿರುಗಟ್ಟಿ ಸತ್ತರು. ಟರ್ಕಿ 2009ರಲ್ಲಿ ಆ ವಿಧಾನವನ್ನು ನಿಷೇಧಿಸಬೇಕಾಯಿತು. ಕಪಾಟಿನ ಕೆರೆತ ಅಷ್ಟು ಘೋರವೆಂದು ನಾವು ಹೇಳುತ್ತಿಲ್ಲ. ತರ್ಕ ಮಾತ್ರ ಒಂದೇ: ಕೊಳ್ಳುವವನಿಗೆ ಬೇಕಾದ ಹುಸಿ ಸವೆತಕ್ಕಾಗಿ ಇನ್ನೊಬ್ಬನ ದೇಹ ನಿಜವಾಗಿ ಸವೆಯುತ್ತದೆ.

ಇಷ್ಟೆಲ್ಲ ಮಾಡಿಯೂ ಕೈಗೆ ಬರುವುದೇನು? ಇಂದಿನ ಮಾಡ್ಯುಲರ್ ಅಡುಗೆಮನೆಯ ಬಾಗಿಲುಗಳು ಹೆಚ್ಚಾಗಿ ಎಂಡಿಎಫ್ ಅಥವಾ ಪಾರ್ಟಿಕಲ್ ಬೋರ್ಡು, ಎಂದರೆ ಮರದ ನಾರನ್ನೋ ಹೊಟ್ಟನ್ನೋ ಅಂಟಿನಲ್ಲಿ ಒತ್ತಿದ ಹಲಗೆ. ಅದನ್ನು ಕೆರೆದರೆ ಒಳಗೆ ಮರದ ಎಳೆ ಕಾಣಿಸುವುದಿಲ್ಲ, ಬಿಸ್ಕತ್ತಿನ ಬಣ್ಣದ ಹುಡಿ ಕಾಣುತ್ತದೆ. ಬಣ್ಣದ ರಕ್ಷೆ ಹೋದ ಅಂಚು ಸಿಂಕಿನ ನೀರನ್ನೂ ಕುಕ್ಕರಿನ ಹಬೆಯನ್ನೂ ಹೀರಿ ಊದಿಕೊಳ್ಳುತ್ತದೆ. ಮುಂಬಯಿಯ ಒಂದು ಮಳೆಗಾಲ ಸಾಕು. ಬಿರುಕು ಬಿಡಿಸಿದ ಮೇಲ್ಮೈಯಲ್ಲಿ ಒಗ್ಗರಣೆಯ ಎಣ್ಣೆ, ಅರಿಸಿನ, ಹಿಟ್ಟಿನ ಹುಡಿ ಸೇರಿಕೊಂಡು, ಯಾವ ಬಟ್ಟೆಗೂ ಬಾರದ ಜಿಡ್ಡಾಗಿ ಜಿರಲೆಗೆ ಔತಣವಾಗುತ್ತದೆ. ಬೇರೆ ದೇಶದ ಅಡುಗೆಮನೆಗೆ ಹುಟ್ಟಿದ ಶೈಲಿ ನಮ್ಮ ಒಗ್ಗರಣೆಯನ್ನು ತಾಳಿಕೊಳ್ಳುವಂತೆ ಮಾಡಿದ್ದಲ್ಲ. ಈ ಕಷ್ಟವೇ ಬೇಡವೆಂದು ಸವೆದ ಮರದ ಚಿತ್ರವನ್ನೇ ಅಚ್ಚು ಹಾಕಿದ ಲ್ಯಾಮಿನೇಟುಗಳೂ ಬಂದಿವೆ. ಅಲ್ಲಿ ಸುಳ್ಳು ಸವೆತದ ಛಾಯಾಚಿತ್ರವಿದೆ. ಕನಿಷ್ಠಪಕ್ಷ ಒರೆಸಲು ಬರುತ್ತದೆ.

ವರ್ಗಾವಣೆಯ ನೌಕರಿಯಲ್ಲಿರುವವರ ಮನೆಗಳಲ್ಲಿ ಇನ್ನೊಂದು ಬಗೆಯ ಸಾಮಾನುಗಳನ್ನು ನಾವು ಕಂಡಿದ್ದೇವೆ. ಕಪಾಟಿನ ಬೆನ್ನ ಮೇಲೆ ಸಾಗಣೆಯವರು ಬರೆದ ಅಂಕಿಗಳು, ಒಂದು ಊರಿನದು 14, ಮುಂದಿನ ಊರಿನದು 31. ಲಾರಿಯ ಹಗ್ಗ ಒತ್ತಿದ ಗುರುತು. ಹಿಂದಿನ ಕ್ವಾರ್ಟರ್ಸಿನ ಬಾಗಿಲು ಚಿಕ್ಕದಾಗಿದ್ದರಿಂದ ಮುರಿದ ಮೂಲೆ. ಅದರ ಒಡೆಯರು ಅದನ್ನು ತೋರಿಸಿಕೊಳ್ಳುವುದಿಲ್ಲ. ಅತಿಥಿಗಳು ಬಂದಾಗ ಆ ಬದಿಯನ್ನು ಗೋಡೆಗೆ ತಿರುಗಿಸುತ್ತಾರೆ. ಅದೇ ಬೀದಿಯ ಪ್ರದರ್ಶನ ಮಳಿಗೆಯಲ್ಲಿ ಅಂಥದೇ ಗುರುತುಗಳಿಗೆ ಬೆಲೆಚೀಟಿ ತೂಗಾಡುತ್ತಿರುತ್ತದೆ.

ಹಳೆಯದನ್ನು ಉಳಿಸುವ ದಾರಿ ಇಲ್ಲವೆಂದಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು, ಕೆಡವಲಾಗುತ್ತಿದ್ದ ಹಳೆಯ ಮನೆಗಳ ಕಂಬ ಬಾಗಿಲುಗಳನ್ನು ಬಿಡಿಸಿ ತಂದು ಮತ್ತೆ ಮನೆಗಳಾಗಿ ನಿಲ್ಲಿಸಿದ ಹಸ್ತಶಿಲ್ಪದ ಕೆಲಸ ಒಂದು ಕಡೆಯಿದೆ. ಅಷ್ಟು ದೊಡ್ಡದು ನಮ್ಮ ನಿಮ್ಮ ಕೈಯಲ್ಲಾಗದು. ಕಾರೈಕುಡಿಯ, ಮಟ್ಟಾಂಚೇರಿಯ ಅಂಗಡಿಗಳಿಂದ ನಿಜವಾದ ಹಳೆಯ ಬಾಗಿಲು ಕೊಳ್ಳುವುದೂ ಎಲ್ಲರ ಜೇಬಿಗೆ ಒಗ್ಗದು. ಒಗ್ಗಿದರೂ ಅದು ಯಾರದೋ ಮನೆ ಒಡೆದು ಬಂದದ್ದೆಂಬ ಅಳುಕು ಇದ್ದೇ ಇದೆ.

ಮನೆಯಲ್ಲಿರುವ ಹಳೆಯ ಬಣ್ಣದ ಕಪಾಟಿನ ಮಟ್ಟಿಗೆ ನಮ್ಮ ಸಲಹೆ ಇಷ್ಟು. ಬಣ್ಣ ಯಾವ ಕಾಲದ್ದೆಂದು ಗೊತ್ತಿಲ್ಲದಿದ್ದರೆ ಒಣಗಿದ್ದಾಗ ಅದನ್ನು ಉಜ್ಜಲೇಬೇಡಿ. ಉಜ್ಜುವ ಯಂತ್ರವನ್ನಂತೂ ಹತ್ತಿರ ತರಬೇಡಿ, ಬೆಂಕಿಯಿಂದ ಸುಟ್ಟು ತೆಗೆಯಲೂ ಬೇಡಿ. ಸೋಪಿನ ನೀರಿನಲ್ಲಿ ಜಿಡ್ಡು ತೊಳೆದು ಒಣಗಿಸಿ. ಎದ್ದು ನಿಂತ ಚಕ್ಕೆಗಳಿದ್ದರೆ ಮಕ್ಕಳನ್ನು ಬೇರೆ ಕಡೆ ಕಳಿಸಿ, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ನೀರು ಚಿಮುಕಿಸಿಕೊಂಡು ತೆಗೆಯಿರಿ. ಚಕ್ಕೆಗಳನ್ನು ಹಾಳೆಯಲ್ಲೇ ಮಡಿಸಿ ಕಟ್ಟಿ, ನೆಲವನ್ನು ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿ. ಉಳಿದ ಬಣ್ಣವನ್ನು ಇದ್ದಲ್ಲೇ ಇರಗೊಟ್ಟು ಅದರ ಮೇಲೆ ಪ್ರೈಮರ್, ಅದರ ಮೇಲೆ ಹೊಸ ಬಣ್ಣ. ಪೇಂಟರ್ ಅಂಚುಗಳನ್ನು ಕೆರೆಯಲೇ ಎಂದು ಕೇಳಿದರೆ, ಅಲ್ಲಿಗೆ ಇನ್ನೊಂದು ಕೈ ಬಣ್ಣ ಹೆಚ್ಚಿಗೆ ಬಳಿಯಲು ಹೇಳಿ. ಕೈ ಹೆಚ್ಚಾಗಿ ತಾಕುವುದು ಅಲ್ಲಿಯೇ.